ಕರ್ನಲ್ ಅಪ್‌ಡೇಟ್ ಆದಮೇಲೆ ಮಷಿನ್ ನಿಧಾನ ಆಯ್ತಾ? ಕಾರಣವಾದ ಕಮಿಟ್ ಹಿಡಿಯೋದು ಹೀಗೆ

ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅಪ್‌ಡೇಟ್ ಆಯ್ತು, ಮಾರನೇ ದಿನದಿಂದ ಮಷಿನ್ ತೆವಳೋಕೆ ಶುರು ಮಾಡ್ತು. ಹೀಗಾದಾಗ ಹೆಚ್ಚಿನವರು ಹಳೇ ಕರ್ನಲ್‌ಗೆ ವಾಪಸ್ ಹೋಗಿ ಸುಮ್ನಾಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಳೇದಕ್ಕೆ ಸೆಕ್ಯುರಿಟಿ ಪ್ಯಾಚ್ ಬರೋದು ಒಂದು ದಿನ ನಿಲ್ಲುತ್ತೆ, ಆಗ ಮತ್ತೆ ಅದೇ ಗೋಳು. ಅದರ ಬದಲು ಯಾವ ಬದಲಾವಣೆಯಿಂದ (ಕೋಡ್‌ಗೆ ಸೇರೋ ಒಂದೊಂದು ಬದಲಾವಣೆಗೂ ಕಮಿಟ್ ಅಂತಾರೆ) ನಿಧಾನ ಆಯ್ತು ಅಂತ ಹುಡುಕಿ, ಅದನ್ನು ಬರೆದವರಿಗೇ ತೋರಿಸಿದರೆ ಅವರೇ ಸರಿ ಮಾಡುತ್ತಾರೆ. ಕರ್ನಲ್ ಒಳಗಿನ ಸಿ ಕೋಡ್ ನಿಮಗೆ ಒಂದು ಸಾಲೂ ಅರ್ಥ ಆಗಬೇಕಿಲ್ಲ. ಟರ್ಮಿನಲ್ ಅಭ್ಯಾಸ ಇರಬೇಕು, ತಾಳ್ಮೆ ಸ್ವಲ್ಪ ಜಾಸ್ತಿನೇ ಇರಬೇಕು.

ಕಮಾಂಡ್‌ಗಳನ್ನೆಲ್ಲ ಇಲ್ಲಿ ಬಾಯಲ್ಲಿ ಹೇಳೋ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಸುಮ್ನೆ ಗಾಳಿಯಲ್ಲಿ ಮಾತಾಡೋದು ಬೇಡ, ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ಟೊಮೆಟೊ ಮಂಡಿ. ಹರಾಜು ಮುಗಿದ ತಕ್ಷಣ ರೈತರಿಗೆ ಚೀಟಿ ಕೊಡಬೇಕು. 15 ಕೆಜಿ ಬಾಕ್ಸ್ ಎಷ್ಟು, ಯಾವ ರೇಟಿಗೆ ಹೋಯ್ತು, ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಕಳೆದು ಕೈಗೆ ಎಷ್ಟು. ಇದನ್ನೆಲ್ಲ ಮಾಡೋದು ಮೂಲೆಯಲ್ಲಿರೋ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಅದರಲ್ಲಿ ಉಬುಂಟು, ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅಪ್‌ಡೇಟ್ ಆದಮೇಲೆ ಚೀಟಿ ಬರೋದು ತಡ ಆಗ್ತಿದೆ, ಹೊರಗೆ ಜನ ಕೂಗಾಡ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ತಪ್ಪು ನಿಜವಾಗಲೂ ಕರ್ನಲ್‌ದೇನಾ?

ಅಪ್‌ಡೇಟ್ ಅಂದರೆ ಕರ್ನಲ್ ಒಂದೇ ಬರೋದಿಲ್ಲ. ಪೋಸ್ಟ್‌ಗ್ರೆಸ್ ಬಂದಿರಬಹುದು, ಲೈಬ್ರರಿಗಳು ಬಂದಿರಬಹುದು, ಪ್ರೊಸೆಸರ್ ಮೈಕ್ರೊಕೋಡ್ ಬಂದಿರಬಹುದು. ಅದಕ್ಕೆ ಮೊದಲ ಕೆಲಸ ಇದು: ಮಷಿನ್ ರೀಸ್ಟಾರ್ಟ್ ಮಾಡಿ, ಬೂಟ್ ಆಗುವಾಗ ಬರೋ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ ಆರಿಸಿ ಬೂಟ್ ಮಾಡಿ. ಬೇರೆ ಏನೂ ಮುಟ್ಟಬೇಡಿ. ವೇಗ ವಾಪಸ್ ಬಂದರೆ ಕರ್ನಲ್ ಮೇಲೆ ಅನುಮಾನ ಪಡಬಹುದು. ಬರಲಿಲ್ಲ ಅಂದರೆ ಕಾರಣ ಬೇರೆ ಕಡೆ ಇದೆ, ಮುಂದಿನದೆಲ್ಲ ನಿಮಗೆ ಬೇಡ.

ವಾಪಸ್ ಬಂತು ಅಂದುಕೊಳ್ಳಿ. ಆಗಲೂ ಕೋಡ್‌ನದೇ ತಪ್ಪು ಅಂತ ಹೇಳೋಕಾಗಲ್ಲ. ಕರ್ನಲ್ ಜೊತೆ ಅದರ ಕಾನ್ಫಿಗ್ (ಕಟ್ಟುವಾಗ ಏನು ಆನ್, ಏನು ಆಫ್ ಅನ್ನೋ ಪಟ್ಟಿ) ಕೂಡ ಬದಲಾಗಿರುತ್ತೆ. ಬೂಟ್ ಫೋಲ್ಡರ್‌ನಲ್ಲಿ ಎರಡೂ ಕರ್ನಲ್‌ಗಳ ಕಾನ್ಫಿಗ್ ಫೈಲ್ ಇರುತ್ತೆ, ಎರಡನ್ನೂ ಡಿಫ್ ಹಾಕಿ ನೋಡಿ. ಪ್ರಿಯೆಂಪ್ಷನ್ ಬದಲಾಗಿದೆಯಾ, ಟೈಮರ್ ಹರ್ಟ್ಸ್ ಬದಲಾಗಿದೆಯಾ, ಕೇಸ್ಯಾನ್, ಲಾಕ್‌ಡೆಪ್ ಥರದ ಡಿಬಗ್ ಆಪ್ಷನ್ ಆನ್ ಆಗಿದೆಯಾ, ಮೆಮೊರಿ ಕೊಡುವಾಗಲೆಲ್ಲ ಸೊನ್ನೆ ತುಂಬೋ ಇನಿಟ್ ಆನ್ ಅಲೋಕ್ ಆನ್ ಆಗಿದೆಯಾ. ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕಿದರೆ ಅದನ್ನೇ ಮೊದಲು ತಿರುಗಿಸಿ ನೋಡಿ. ಸಾವಿರಾರು ಕಮಿಟ್ ನಡುವೆ ಹುಡುಕೋದಕ್ಕಿಂತ ಇದು ಎಷ್ಟೋ ಸುಲಭ.

ಇನ್ನೊಂದು ಮುಖ್ಯ ಅನುಮಾನ ಸೆಕ್ಯುರಿಟಿ ಕಾವಲುಗಳದ್ದು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಬಯಲಾದಾಗಿನಿಂದ ಪ್ರೊಸೆಸರ್‌ನ ಇಂಥ ದೋಷ ಒಂದಾದಮೇಲೊಂದು ಬರ್ತಾನೇ ಇವೆ, ಪ್ರತಿಯೊಂದಕ್ಕೂ ಕರ್ನಲ್ ಒಂದು ಕಾವಲು ಹಾಕುತ್ತೆ, ಆ ಕಾವಲಿಗೆ ಸ್ವಲ್ಪ ವೇಗ ತೆರಬೇಕಾಗುತ್ತೆ. 2022ರಲ್ಲಿ ಬಂದ ರೆಟ್‌ಬ್ಲೀಡ್ ಅಂತೂ ಹಳೇ ಇಂಟೆಲ್ ಪ್ರೊಸೆಸರ್‌ಗಳಿಗೆ ಬಹಳ ದುಬಾರಿ ಆಯ್ತು. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಅದೇ ಕಾಲದ ಪ್ರೊಸೆಸರ್ ಅಲ್ವಾ? ಸಿಸ್ ಫೋಲ್ಡರ್‌ನ ಡಿವೈಸಸ್, ಸಿಸ್ಟಮ್, ಸಿಪಿಯು ಒಳಗೆ ವಲ್ನರಬಿಲಿಟೀಸ್ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿರೋದನ್ನೆಲ್ಲ ಎರಡೂ ಕರ್ನಲ್‌ನಲ್ಲಿ ಓದಿ ಹೋಲಿಸಿ. ಖಚಿತ ಮಾಡಿಕೊಳ್ಳೋಕೆ ಬೂಟ್ ಲೈನ್‌ನಲ್ಲಿ ಮಿಟಿಗೇಷನ್ಸ್ ಈಕ್ವಲ್ಸ್ ಆಫ್ ಅಂತ ಕೊಟ್ಟು ಎರಡನ್ನೂ ಒಂದೊಂದು ಸಲ ಅಳೆಯಿರಿ. ಈ ಆಪ್ಷನ್ ಕರ್ನಲ್ 5.2ರಿಂದ ಇದೆ. ವ್ಯತ್ಯಾಸ ಮಾಯ ಆದರೆ ಉತ್ತರ ಸಿಕ್ಕಿತು. ಅಳತೆ ಮುಗಿದಮೇಲೆ ಅದನ್ನು ತೆಗೆಯೋದು ಮರೀಬೇಡಿ. ಇಂಟರ್‌ನೆಟ್‌ಗೆ ತೆರೆದಿರೋ ಮಷಿನ್‌ನಲ್ಲಿ ಅದನ್ನು ಖಾಯಂ ಬಿಡೋದು ಒಳ್ಳೇದಲ್ಲ.

ಅಳತೆ ಸರಿ ಆಗೋವರೆಗೂ ಮುಂದೆ ಹೋಗಬೇಡಿ

ಇಡೀ ಕೆಲಸದಲ್ಲಿ ಜನ ಎಡವೋದು ಇಲ್ಲೇ. ಬೈಸೆಕ್ಟ್, ಅಂದರೆ ಕಮಿಟ್‌ಗಳ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡ್ತಾ ಕೆಟ್ಟದ್ದನ್ನು ಹುಡುಕೋದು, ಯಂತ್ರದ ಕೆಲಸ, ನೀವು ಹೌದು ಅಂದರೆ ಆ ಕಡೆ, ಇಲ್ಲ ಅಂದರೆ ಈ ಕಡೆ. ಒಂದೇ ಒಂದು ಸಲ ತಪ್ಪು ಉತ್ತರ ಕೊಟ್ಟರೂ ಅಲ್ಲಿಂದ ಮುಂದೆ ಮಾಡಿದ್ದೆಲ್ಲ ನೀರಿಗೆ ಹೋಯ್ತು, ಕೊನೆಗೆ ಸಂಬಂಧವೇ ಇಲ್ಲದ ಯಾವುದೋ ಸೌಂಡ್ ಡ್ರೈವರ್ ಕಮಿಟ್ ಮೇಲೆ ಬೆರಳು ತೋರಿಸುತ್ತೆ. ಮುಳ್ಳು ಅಲ್ಲಾಡೋ ತಕ್ಕಡಿ ಇಟ್ಟುಕೊಂಡು ವ್ಯಾಪಾರಕ್ಕೆ ಕೂತ ಹಾಗೆ.

ಮೊದಲು ದೂರನ್ನು ಅಳೆಯೋ ಹಾಗೆ ಮಾಡಿಕೊಳ್ಳಿ. "ಚೀಟಿ ತಡ ಆಗ್ತಿದೆ" ಅನ್ನೋದನ್ನು ಅಳೆಯೋಕಾಗಲ್ಲ. ಒಂದು ಚೀಟಿ ಅಂದರೆ ಡೇಟಾಬೇಸ್‌ಗೆ ಒಂದು ಸಣ್ಣ ಬರವಣಿಗೆ, ಅದರ ಹಿಂದೆ ಒಂದು ಎಫ್‌ಸಿಂಕ್, ಅಂದರೆ ಡಿಸ್ಕ್‌ಗೆ ನಿಜವಾಗಲೂ ಹೋಗಿ ಕೂತಿದೆ ಅಂತ ಖಾತ್ರಿ. ಹಾಗಾದರೆ ಎರಡು ಸಾವಿರ ಸುಳ್ಳು ಚೀಟಿಗಳನ್ನು ಒಂದಾದಮೇಲೊಂದು ಬರೆಯೋ ಸ್ಕ್ರಿಪ್ಟ್ ಮಾಡಿ, ಅದಕ್ಕೆ ಹಿಡಿದ ಸಮಯ ಸೆಕೆಂಡ್‌ನಲ್ಲಿ ಬರೆದುಕೊಳ್ಳಲಿ. ಪ್ರಿಂಟರ್ ಇದರಲ್ಲಿ ಬೇಡ. ಡೇಟಾಬೇಸ್ ಕೂಡ ಬೇಡ ಅನ್ನಿಸಿದರೆ ಎಫ್‌ಐಒ ಅನ್ನೋ ಟೂಲ್‌ನಲ್ಲಿ ಪ್ರತಿ ಬರವಣಿಗೆಗೂ ಎಫ್‌ಸಿಂಕ್ ಹಾಕೋ ಹಾಗೆ ಹೇಳಬಹುದು. ನೆಟ್‌ವರ್ಕ್ ನಿಧಾನ ಅಂದರೆ ಐಪರ್ಫ್, ಶೆಡ್ಯೂಲರ್ ಮೇಲೆ ಅನುಮಾನ ಅಂದರೆ ಹ್ಯಾಕ್‌ಬೆಂಚ್. ಆದರೆ ಚಿಕ್ಕ ಪರೀಕ್ಷೆ ಮಾಡಿದಮೇಲೆ ದೊಡ್ಡ ದೂರು ಅದರಲ್ಲಿ ಕಾಣಿಸ್ತಿದೆಯಾ ಅಂತ ನೋಡಲೇಬೇಕು. ಮಂಡಿಯಲ್ಲಿ ಚೀಟಿ ಅರ್ಧಕ್ಕರ್ಧ ನಿಧಾನ, ನಿಮ್ಮ ಸ್ಕ್ರಿಪ್ಟ್‌ನಲ್ಲಿ ಮಾತ್ರ ಏನೂ ವ್ಯತ್ಯಾಸ ಇಲ್ಲ ಅಂದರೆ ನೀವು ಬೇರೆ ಏನನ್ನೋ ಅಳೀತಿದ್ದೀರಿ.

ಆಮೇಲೆ ಗದ್ದಲ, ಅಂದರೆ ಅಳತೆ ಸುಮ್ಸುಮ್ನೆ ಹೆಚ್ಚುಕಮ್ಮಿ ಆಗೋದನ್ನು, ಇಳಿಸೋದು. ಒಂದೇ ಕರ್ನಲ್‌ನಲ್ಲಿ ಅದೇ ಸ್ಕ್ರಿಪ್ಟನ್ನು ಹತ್ತು ಸಲ ಓಡಿಸಿ. ಸಂಖ್ಯೆಗಳು ಹತ್ತಿರ ಹತ್ತಿರ ಇವೆಯಾ? ಇಲ್ಲ ಅಂದರೆ ಕಾರಣ ಹುಡುಕಿ.

ಮೊದಲ ಕಾರಣ ಪ್ರೊಸೆಸರ್ ವೇಗ. ಅದು ತನ್ನಷ್ಟಕ್ಕೇ ಏರ್ತಾ ಇಳೀತಾ ಇರುತ್ತೆ. ಸಿಪಿಯು ಪವರ್ ಟೂಲ್‌ನಲ್ಲಿ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಹಾಕಿ. ಇಂಟೆಲ್ ಆದರೆ ಇಂಟೆಲ್ ಪಿಸ್ಟೇಟ್ ಫೋಲ್ಡರ್‌ನ ನೋ ಟರ್ಬೊ ಫೈಲ್‌ಗೆ 1 ಬರೆಯಿರಿ. ಒಟ್ಟು ವೇಗ ಕಮ್ಮಿ ಆಗುತ್ತೆ, ಪರವಾಗಿಲ್ಲ, ನಮಗೆ ಬೇಕಿರೋದು ಒಂದೇ ಸಮ ಇರೋದು.

ಎರಡನೇದು ಬಿಸಿ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಶೀಟ್ ಮನೆ ಕೆಳಗೆ, ಫ್ಯಾನ್ ತುಂಬಾ ಯಾರ್ಡ್‌ನ ಧೂಳು ಇರೋ ಡೆಸ್ಕ್‌ಟಾಪ್‌ನಲ್ಲಿ ಬೆಳಿಗ್ಗೆ ಆರಕ್ಕೆ ಬಂದ ಸಂಖ್ಯೆ ಮಧ್ಯಾಹ್ನ ಎರಡಕ್ಕೆ ಬರೋದಿಲ್ಲ. ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತೆ. ಇಂಟೆಲ್ ಮಷಿನ್‌ನಲ್ಲಿ ಪ್ರತಿ ಸಿಪಿಯು ಫೋಲ್ಡರ್ ಒಳಗೆ ಥರ್ಮಲ್ ಥ್ರಾಟಲ್ ಅಂತ ಇರುತ್ತೆ, ಅದರಲ್ಲಿ ಪ್ಯಾಕೇಜ್ ಥ್ರಾಟಲ್ ಕೌಂಟ್ ಅನ್ನೋ ಲೆಕ್ಕ. ಪರೀಕ್ಷೆಗೆ ಮುಂಚೆ ಒಂದು ಸಲ, ಮುಗಿದಮೇಲೆ ಒಂದು ಸಲ ಸ್ಕ್ರಿಪ್ಟೇ ಅದನ್ನು ಓದಲಿ. ಸಂಖ್ಯೆ ಏರಿದ್ದರೆ ಆ ಅಳತೆ ಬಿಸಾಕಿ. ವಾದ ಮಾಡಬೇಡಿ, ಬಿಸಾಕಿ.

ಮೂರನೇದು ಕರೆಂಟ್. ಲ್ಯಾಪ್‌ಟಾಪ್‌ನಲ್ಲಿ ಅಳೆಯುವವರು ಇದನ್ನು ಗಮನದಲ್ಲಿಡಬೇಕು. ಕರೆಂಟ್ ಹೋಗಿ ಬ್ಯಾಟರಿಗೆ ಬಂದ ತಕ್ಷಣ ಪವರ್ ಪ್ರೊಫೈಲ್ ಬದಲಾಗಿ ವೇಗ ಇಳಿಯಬಹುದು, ನೀವು ಟೀ ಕುಡಿಯೋಕೆ ಎದ್ದು ಹೋಗಿದ್ದರೆ ಗೊತ್ತೂ ಆಗೋದಿಲ್ಲ, ವಾಪಸ್ ಬಂದು "ಆಹಾ, ಇದು ಬ್ಯಾಡ್ ಕರ್ನಲ್" ಅಂತ ಬರೆದುಕೊಳ್ಳುತ್ತೀರಿ. ಸಿಸ್ ಫೋಲ್ಡರ್‌ನ ಕ್ಲಾಸ್, ಪವರ್ ಸಪ್ಲೈ ಒಳಗೆ ಚಾರ್ಜರ್ ಆನ್ ಇದೆಯಾ ಅಂತ ತೋರಿಸೋ ಫೈಲ್ ಇದೆ. ಅದನ್ನೂ ಲಾಗ್‌ಗೆ ಹಾಕಿ.

ಮಿಕ್ಕಿದ್ದು ಬೇಗ ಹೇಳುತ್ತೇನೆ. ಹಿನ್ನೆಲೆಯಲ್ಲಿ ತಾನಾಗೇ ಅಪ್‌ಡೇಟ್ ಆಗೋದನ್ನು ನಿಲ್ಲಿಸಿ. ಎಸ್‌ಎಸ್‌ಡಿ ಪೂರ್ತಿ ತುಂಬಿದ್ದರೆ ಸ್ವಲ್ಪ ಖಾಲಿ ಮಾಡಿ, ಪ್ರತಿ ಸುತ್ತಿಗೂ ಮುಂಚೆ ಎಫ್‌ಎಸ್‌ಟ್ರಿಮ್ ಓಡಿಸಿ ಒಂದೆರಡು ನಿಮಿಷ ಬಿಡಿ. ಬೂಟ್ ಆದ ಕೂಡಲೇ ಅಳೆಯಬೇಡಿ, ಮೊದಲ ಓಟದ ಸಂಖ್ಯೆ ಲೆಕ್ಕಕ್ಕೆ ತಗೋಬೇಡಿ. ಸರಾಸರಿ ಬೇಡ, ಮಧ್ಯದ ಸಂಖ್ಯೆ ತಗೊಳ್ಳಿ, ಯಾಕಂದರೆ ಒಂದೇ ಒಂದು ಕೆಟ್ಟ ಓಟ ಸರಾಸರಿಯನ್ನು ಎಲ್ಲಿಗೋ ಎಳೆದುಬಿಡುತ್ತೆ. ಹಳೇದನ್ನು ಐದು ಸಲ ಅಳೆದು ಆಮೇಲೆ ಹೊಸದನ್ನು ಐದು ಸಲ ಅಳೆಯೋದಕ್ಕಿಂತ, ಹಳೇದು, ಹೊಸದು, ಮತ್ತೆ ಹಳೇದು, ಮತ್ತೆ ಹೊಸದು ಅಂತ ಬದಲಾಯಿಸ್ತಾ ಅಳೆಯಿರಿ. ಬೇಜಾರಿನ ಕೆಲಸ, ಆದರೆ ಹೊತ್ತು ಏರಿದಂತೆ ಆಗೋ ವ್ಯತ್ಯಾಸ ಇದರಲ್ಲಿ ಬಯಲಾಗುತ್ತೆ.

ಈಗ ನಿಮ್ಮ ಹತ್ತಿರ ಎರಡು ಸಂಖ್ಯೆ ಇವೆ. ಹಳೇದರಲ್ಲಿ 42 ಸೆಕೆಂಡು, ಹೊಸದರಲ್ಲಿ 55, ಗದ್ದಲ ಆ ಕಡೆ ಈ ಕಡೆ 1 ಸೆಕೆಂಡು ಅಂದುಕೊಳ್ಳಿ. ಬೈಸೆಕ್ಟ್‌ಗೆ ಇದಕ್ಕಿಂತ ಒಳ್ಳೇ ಪರಿಸ್ಥಿತಿ ಬೇಡ. 48ಕ್ಕೆ ಗೆರೆ ಹಾಕಿ, ಅದಕ್ಕಿಂತ ಕಮ್ಮಿ ಬಂದರೆ ಗುಡ್, ಜಾಸ್ತಿ ಬಂದರೆ ಬ್ಯಾಡ್. ಅದೇ ವ್ಯತ್ಯಾಸ 1 ಸೆಕೆಂಡು, ಗದ್ದಲ 2 ಸೆಕೆಂಡು ಅಂದರೆ ಬೈಸೆಕ್ಟ್ ಶುರು ಮಾಡಬೇಡಿ. ಗದ್ದಲ ಇನ್ನೂ ಇಳಿಸಿ, ಇಲ್ಲವೇ ಸಮಯದ ಬದಲು ಬೇರೆ ಏನನ್ನಾದರೂ ಎಣಿಸಿ. ಎಷ್ಟು ಕಾಂಟೆಕ್ಸ್ಟ್ ಸ್ವಿಚ್, ಎಷ್ಟು ಇನ್‌ಸ್ಟ್ರಕ್ಷನ್, ಎಷ್ಟು ಪೇಜ್ ಫಾಲ್ಟ್ ಅನ್ನೋ ಲೆಕ್ಕಗಳು ಸಾಮಾನ್ಯವಾಗಿ ಗಡಿಯಾರಕ್ಕಿಂತ ಸ್ಥಿರವಾಗಿರುತ್ತವೆ.

ಕರ್ನಲ್ ಕಟ್ಟೋಕೆ ಮುಂಚೆ

ಹರಾಜಿನ ಸೀಸನ್‌ನಲ್ಲಿ ಮಂಡಿ ಮಷಿನ್ ಮುಟ್ಟಬೇಡಿ. ಅದೇ ಮಾದರಿಯ ಇನ್ನೊಂದು ಸಿಕ್ಕಿದರೆ ಸರಿ. ಇಲ್ಲ ಅಂದರೆ ಯಾರ್ಡ್ ಖಾಲಿ ಆದಮೇಲೆ, ಬ್ಯಾಕಪ್ ತೆಗೆದಿಟ್ಟು ಕೂರಿ. ಕರ್ನಲ್ ಬಿಲ್ಡ್ ಮಾಡೋ ಮಷಿನ್ ಬೇರೆ ಇರಲಿ, ವೇಗದ್ದಿರಲಿ. ಅಳೆಯೋ ಮಷಿನ್ ಮಾತ್ರ ದೂರು ಬಂದದ್ದೇ ಆಗಿರಬೇಕು.

ಸೋರ್ಸ್ ಇಳಿಸೋಕೆ ಮುಂಚೆ ದೂರವನ್ನು ಸುಲಭದಲ್ಲಿ ಕಮ್ಮಿ ಮಾಡಿಕೊಳ್ಳಬಹುದು. ಉಬುಂಟುನವರು ಮೂಲ ಕರ್ನಲ್‌ನ ಪ್ರತಿ ವರ್ಷನ್‌ಗೂ ಸಿದ್ಧ ಪ್ಯಾಕೇಜ್ ಕಟ್ಟಿ ಇಡುತ್ತಾರೆ. 6.1 ಚೆನ್ನಾಗಿತ್ತು, 6.6 ನಿಧಾನ ಅಂದರೆ ನಡುವಿನ 6.3 ಹಾಕಿ ನೋಡಿ, ಆಮೇಲೆ 6.4 ಅಥವಾ 6.2, ಬೇಕಾದರೆ 6.5. ಒಂದೇ ಒಂದು ಬಿಲ್ಡ್ ಮಾಡದೆ ಐದು ರಿಲೀಸ್ ಇದ್ದದ್ದು ಒಂದಕ್ಕೆ ಬಂತು. ಸೆಕ್ಯೂರ್ ಬೂಟ್ ಆನ್ ಇದ್ದರೆ ಇವು ಬೂಟ್ ಆಗೋದಿಲ್ಲ, ಬಯೋಸ್‌ನಲ್ಲಿ ಆಫ್ ಮಾಡಿಕೊಳ್ಳಿ.

ಈಗ ಗಿಟ್‌ನಿಂದ (ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡೋ ಟೂಲ್) ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರ ಮೂಲ ಟ್ರೀ, ಅಂದರೆ ಕರ್ನಲ್‌ನ ಪೂರ್ತಿ ಸೋರ್ಸ್, ಇಳಿಸಿ. 6.6.30ರಿಂದ 6.6.40ರ ನಡುವೆ ಕೆಟ್ಟಿತು ಅಂತಾದರೆ ಸ್ಟೇಬಲ್ ಟ್ರೀ ಬೇಕು.

ಕಾನ್ಫಿಗ್ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಚೆನ್ನಾಗಿದ್ದ ಕರ್ನಲ್‌ನ ಕಾನ್ಫಿಗ್ ಫೈಲ್ ತಗೊಂಡು ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಹೊಡೆಯಿರಿ. ಈಗ ಲೋಡ್ ಆಗಿರೋ ಮಾಡ್ಯೂಲ್ ಮಾತ್ರ ಉಳಿಸಿ ಮಿಕ್ಕಿದ್ದನ್ನು ಅದು ತೆಗೆದುಹಾಕುತ್ತೆ, ಬಿಲ್ಡ್ ಸಮಯ ಎಷ್ಟೋ ಪಟ್ಟು ಇಳಿಯುತ್ತೆ. ಇದನ್ನು ಅಳೆಯೋ ಮಷಿನ್‌ನ ಮಾಡ್ಯೂಲ್ ಪಟ್ಟಿ ಇಟ್ಟುಕೊಂಡೇ ಮಾಡಬೇಕು, ಬಿಲ್ಡ್ ಮಷಿನ್‌ದಲ್ಲ. ಮಾಡೋಕೆ ಮುಂಚೆ ಆ ಮಷಿನ್‌ಗೆ ಪ್ರಿಂಟರ್, ಪೆನ್‌ಡ್ರೈವ್, ವೈಫೈ ಡಾಂಗಲ್ ಎಲ್ಲ ಚುಚ್ಚಿಟ್ಟಿರಿ. ಚುಚ್ಚದೇ ಇದ್ದದ್ದು ಹೊಸ ಕರ್ನಲ್‌ನಲ್ಲಿ ಕೆಲಸ ಮಾಡೋದಿಲ್ಲ. ಉಬುಂಟು, ಡೆಬಿಯನ್ ಕಾನ್ಫಿಗ್‌ನಲ್ಲಿ ಸಿಸ್ಟಮ್ ಟ್ರಸ್ಟೆಡ್ ಕೀಸ್ ಅನ್ನೋ ಜಾಗದಲ್ಲಿ ಒಂದು ಸರ್ಟಿಫಿಕೇಟ್ ಫೈಲ್‌ನ ಹೆಸರು ಇರುತ್ತೆ, ಆ ಫೈಲ್ ನಿಮ್ಮ ಹತ್ತಿರ ಇರೋದಿಲ್ಲ, ಬಿಲ್ಡ್ ನಿಂತುಹೋಗುತ್ತೆ. ಆ ಜಾಗ ಖಾಲಿ ಬಿಡಿ. ಡಿಬಗ್ ಇನ್ಫೊ ಆಫ್ ಮಾಡಿದರೆ ಸಮಯ, ಡಿಸ್ಕ್ ಎರಡೂ ಉಳಿಯುತ್ತೆ. ಲೋಕಲ್‌ವರ್ಷನ್ ಆಟೊ ಆನ್ ಮಾಡಿ, ಆಗ ಕರ್ನಲ್ ಹೆಸರಿನಲ್ಲೇ ಕಮಿಟ್ ಗುರುತು ಸೇರುತ್ತೆ.

ಹೀಗೆ ಸಿದ್ಧ ಆದ ಕಾನ್ಫಿಗ್‌ಗೆ ಒಂದು ಹೆಸರು ಕೊಟ್ಟು ಬೇರೆ ಕಡೆ ಇಡಿ. ಬೈಸೆಕ್ಟ್‌ನ ಪ್ರತಿ ಹೆಜ್ಜೆಯಲ್ಲೂ ಅದನ್ನೇ ಹೊಸದಾಗಿ ಕಾಪಿ ಮಾಡಿ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಹೊಡೆಯಬೇಕು. ಹಿಂದಿನ ಹೆಜ್ಜೆಯ ಕಾನ್ಫಿಗನ್ನೇ ಮುಂದುವರಿಸಿದರೆ ಏನಾಗುತ್ತೆ ಗೊತ್ತಾ? ಬೈಸೆಕ್ಟ್ ನಿಮ್ಮನ್ನು ಹಳೇ ಕೋಡ್‌ಗೆ ಕರೆದುಕೊಂಡು ಹೋಗುತ್ತೆ, ಅಲ್ಲಿ ಇಲ್ಲದ ಆಪ್ಷನ್ ಅಳಿಸಿಹೋಗುತ್ತೆ, ಮತ್ತೆ ಹೊಸ ಕೋಡ್‌ಗೆ ಬಂದಾಗ ಅದು ಬೇರೆ ಬೆಲೆಯಲ್ಲಿ ಬಂದು ಕೂರುತ್ತೆ. ಆಗ ನೀವು ಅಳೀತಿರೋದು ಕೋಡ್‌ನ ವ್ಯತ್ಯಾಸವನ್ನಲ್ಲ, ಕಾನ್ಫಿಗ್‌ನ ವ್ಯತ್ಯಾಸವನ್ನು. ಕಂಪೈಲರ್ ಕೂಡ ಮೊದಲಿಂದ ಕೊನೆವರೆಗೂ ಒಂದೇ ಇರಲಿ.

ಕೊನೆಯ ಪರೀಕ್ಷೆ: ಗುಡ್, ಬ್ಯಾಡ್ ಎರಡೂ ವರ್ಷನ್ ನೀವೇ ಇದೇ ಕಾನ್ಫಿಗ್‌ನಲ್ಲಿ ಕಟ್ಟಿ ಅಳೆಯಿರಿ. 42, 55 ಮತ್ತೆ ಬಂದರೆ ಮುಂದೆ ಹೋಗಿ. ಎರಡೂ 42 ಬಂದರೆ ತಪ್ಪು ಕಾನ್ಫಿಗ್‌ದು, ಅಥವಾ ನಿಮ್ಮ ಡಿಸ್ಟ್ರೊ (ಇಲ್ಲಿ ಉಬುಂಟು) ಸೇರಿಸಿದ ಪ್ಯಾಚ್‌ದು.

ಬೈಸೆಕ್ಟ್

ಕರ್ನಲ್‌ನ ಒಂದು ರಿಲೀಸ್ ಒಂಬತ್ತು ಹತ್ತು ವಾರಕ್ಕೆ ಒಮ್ಮೆ ಬರುತ್ತೆ, ಒಂದೊಂದರಲ್ಲಿ ಹತ್ತು ಹದಿನೈದು ಸಾವಿರ ಕಮಿಟ್. ಕೇಳೋಕೆ ಭಯ ಆಗುತ್ತೆ. ಆದರೆ ಪ್ರತಿ ಸಲ ಅರ್ಧ ಮಾಡ್ತಾ ಹೋದರೆ 16,384 ಕಮಿಟ್ 14 ಹೆಜ್ಜೆಯಲ್ಲಿ ಒಂದಕ್ಕೆ ಬಂದು ನಿಲ್ಲುತ್ತೆ.

ಗಿಟ್ ಬೈಸೆಕ್ಟ್ ಸ್ಟಾರ್ಟ್ ಹೊಡೆಯಿರಿ. ಗುಡ್, ಬ್ಯಾಡ್ ಅನ್ನೋ ಪದದ ಬದಲು ಫಾಸ್ಟ್, ಸ್ಲೋ ಅಂತ ಇಟ್ಟುಕೊಳ್ಳೋಕೂ ಅವಕಾಶ ಇದೆ, ಟರ್ಮ್ ಓಲ್ಡ್, ಟರ್ಮ್ ನ್ಯೂ ಅನ್ನೋ ಆಪ್ಷನ್ ನೋಡಿ. ವೇಗದ ಕೆಲಸದಲ್ಲಿ ಇದು ಒಳ್ಳೇದು, ನಡುರಾತ್ರಿ ನಿದ್ದೆಗಣ್ಣಲ್ಲಿ ಉಲ್ಟಾ ಹೊಡೆಯೋದು ಕಮ್ಮಿ ಆಗುತ್ತೆ. ಎರಡು ತುದಿ ಹೇಳಿದ ತಕ್ಷಣ ಗಿಟ್ ನಡುವಿನ ಒಂದು ಕಮಿಟ್ ತೆಗೆದು ಕೊಡುತ್ತೆ. ಕಾನ್ಫಿಗ್ ಕಾಪಿ, ಓಲ್ಡ್‌ಡೆಫ್‌ಕಾನ್ಫಿಗ್, ಮೇಕ್ ಬಿನ್‌ಡೆಬ್ ಪ್ಯಾಕೇಜ್, ಇನ್‌ಸ್ಟಾಲ್, ಬೂಟ್. ಬೂಟ್ ಆದಮೇಲೆ ಯುನೇಮ್ ಹೊಡೆದು ಕಮಿಟ್ ಗುರುತು ಸರಿ ಇದೆಯಾ ನೋಡಿ. ಇದನ್ನು ಸ್ಕ್ರಿಪ್ಟ್‌ನಲ್ಲೇ ಹಾಕಿಬಿಡಿ, ಗುರುತು ತಪ್ಪಿದ್ದರೆ ಅಳೆಯೋಕೇ ನಿರಾಕರಿಸಲಿ. ಇಲ್ಲ ಅಂದರೆ ಗ್ರಬ್ ಹಳೇ ಕರ್ನಲನ್ನೇ ಎತ್ತಿಕೊಂಡಿರುತ್ತೆ, ನೀವು ಒಂದೇ ಕರ್ನಲನ್ನು ಮತ್ತೆ ಮತ್ತೆ ಅಳೀತಾ ಕೂತಿರುತ್ತೀರಿ.

ಮಷಿನ್ ಕೋಲಾರದಲ್ಲಿ, ನೀವು ತುಮಕೂರಿನಲ್ಲಿ ಕೂತು ರಿಮೋಟ್‌ನಲ್ಲಿ ಮಾಡ್ತಿದ್ದರೆ ಗ್ರಬ್ ರೀಬೂಟ್ ಅನ್ನೋ ಕಮಾಂಡ್ ಕಲಿತುಕೊಳ್ಳಿ. ಗ್ರಬ್ ಡಿಫಾಲ್ಟನ್ನು ಸೇವ್ಡ್ ಅಂತ ಇಟ್ಟಿದ್ದರೆ, ಇದು ಮುಂದಿನ ಒಂದೇ ಒಂದು ಬೂಟ್‌ಗೆ ಮಾತ್ರ ಹೊಸ ಕರ್ನಲ್ ಆರಿಸುತ್ತೆ. ಅದು ಅರ್ಧಕ್ಕೆ ನಿಂತುಹೋದರೆ ಅಲ್ಲಿರೋ ಹುಡುಗನಿಗೆ ಫೋನ್ ಮಾಡಿ "ಸ್ವಿಚ್ ಆಫ್ ಮಾಡಿ ಆನ್ ಮಾಡಪ್ಪಾ" ಅಂದರೆ ಸಾಕು, ಕೆಲಸ ಮಾಡೋ ಹಳೇ ಕರ್ನಲ್ ಬರುತ್ತೆ.

ಕೆಲವು ಕಮಿಟ್ ಬಿಲ್ಡೇ ಆಗೋದಿಲ್ಲ, ಕೆಲವು ಬೂಟ್ ಆಗೋದಿಲ್ಲ. ಆಗ ಊಹೆ ಮಾಡಿ ಗುಡ್ ಬ್ಯಾಡ್ ಹೇಳಬೇಡಿ, ಗಿಟ್ ಬೈಸೆಕ್ಟ್ ಸ್ಕಿಪ್ ಹೊಡೆಯಿರಿ, ಪಕ್ಕದ ಇನ್ನೊಂದು ಕೊಡುತ್ತೆ. ವರ್ಚುಯಲ್ ಮಷಿನ್‌ನಲ್ಲಿ ದೋಷ ಕಾಣಿಸೋದಾದರೆ ನಿಮ್ಮ ಅದೃಷ್ಟ, ಗಿಟ್ ಬೈಸೆಕ್ಟ್ ರನ್ ಕೊಟ್ಟು ಮಲಗಬಹುದು. ಸ್ಕ್ರಿಪ್ಟ್ 0 ವಾಪಸ್ ಕೊಟ್ಟರೆ ಗುಡ್, 1 ಕೊಟ್ಟರೆ ಬ್ಯಾಡ್, 125 ಕೊಟ್ಟರೆ ಸ್ಕಿಪ್.

ಪ್ರತಿ ಹೆಜ್ಜೆಯಲ್ಲೂ ಬರೀ ಗುಡ್ ಬ್ಯಾಡ್ ಅಲ್ಲ, ಸಂಖ್ಯೆಯನ್ನೂ ಬರೆದುಕೊಳ್ಳಿ. ಇದನ್ನು ಯಾರೂ ಹೇಳಿಕೊಡೋದಿಲ್ಲ. 42, 42, 55, 42, 55 ಅಂತ ಬಂದರೆ ಒಂದೇ ಮೆಟ್ಟಿಲು, ಚೆನ್ನಾಗಿದೆ. ಮಧ್ಯದಲ್ಲಿ 47, 49 ಅಂತ ಬರೋಕೆ ಶುರುವಾದರೆ ಅಲ್ಲಿ ಎರಡು ಬೇರೆ ಬೇರೆ ಕಮಿಟ್ ಸೇರಿ ಕೆಡಿಸಿವೆ. ಆಗ ಗೆರೆ ಬದಲಾಯಿಸಿ ಎರಡು ಬೈಸೆಕ್ಟ್ ಮಾಡಬೇಕು, ಒಂದಕ್ಕೆ 45ರ ಗೆರೆ, ಇನ್ನೊಂದಕ್ಕೆ 52ರ ಗೆರೆ. ಸಂಖ್ಯೆ ಬರೆದಿಟ್ಟಿದ್ದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತೆ.

ನಡುವೆ ಕರೆಂಟ್ ಹೋದರೆ ಹೆದರಬೇಡಿ. ಬೈಸೆಕ್ಟ್ ಎಲ್ಲಿದೆ ಅನ್ನೋದು ಡಿಸ್ಕ್‌ನಲ್ಲೇ ಇರುತ್ತೆ, ರೀಬೂಟ್ ಆದರೂ ಮುಂದುವರಿಯುತ್ತೆ. ಆದರೂ ಆಗಾಗ ಗಿಟ್ ಬೈಸೆಕ್ಟ್ ಲಾಗ್ ತೆಗೆದು ಇನ್ನೊಂದು ಕಡೆ ಇಡಿ. ಒಂದು ಉತ್ತರ ತಪ್ಪಾಯ್ತು ಅಂತ ಆಮೇಲೆ ಗೊತ್ತಾದರೆ ಲಾಗ್‌ನಲ್ಲಿ ಆ ಸಾಲು ಅಳಿಸಿ ರೀಪ್ಲೇ ಕೊಟ್ಟರೆ ಅಲ್ಲಿಂದಲೇ ಶುರು ಮಾಡಬಹುದು. ಬಿಲ್ಡ್ ನಡೆಯುವಾಗಲೇ ಕರೆಂಟ್ ಹೋಗಿದ್ದರೆ ಮಾತ್ರ ಅರ್ಧ ಬರೆದ, ಖಾಲಿ ಆಬ್ಜೆಕ್ಟ್ ಫೈಲ್ ಉಳಿದಿರಬಹುದು. ಮುಂದಿನ ಬಿಲ್ಡ್‌ನಲ್ಲಿ ತಲೆಬುಡ ಇಲ್ಲದ ಲಿಂಕರ್ ಎರರ್ ಬರುತ್ತೆ. ಮೇಕ್ ಕ್ಲೀನ್ ಹೊಡೆದು ಮೊದಲಿಂದ ಕಟ್ಟಿ.

ಸಿಕ್ಕಿದ್ದು ನಿಜವಾದ ಕಳ್ಳನಾ?

ಗಿಟ್ ಒಂದು ಕಮಿಟ್ ತೋರಿಸಿತು ಅಂತ ಕುಣಿಯಬೇಡಿ. ಇವತ್ತಿನ ಹೊಸ ಕರ್ನಲ್ ತಗೊಂಡು ಅದರಲ್ಲಿ ಆ ಒಂದು ಕಮಿಟ್ ಮಾತ್ರ ರಿವರ್ಟ್ ಮಾಡಿ, ಅಂದರೆ ವಾಪಸ್ ತೆಗೆದು, ಅಳೆಯಿರಿ. 42 ಬಂದರೆ ಅದೇ. ರಿವರ್ಟ್ ಸುಲಭದಲ್ಲಿ ಆಗಲಿಲ್ಲ ಅಂದರೆ ಆ ಕಮಿಟ್ ಮತ್ತು ಅದರ ಹಿಂದಿನದು ಎರಡನ್ನೂ ಕಟ್ಟಿ ಹಲವು ಸಲ ಹೋಲಿಸಿ.

ಆ ಕಮಿಟ್‌ಗೂ ನಿಮ್ಮ ಕೆಲಸಕ್ಕೂ ಸಂಬಂಧವೇ ಕಾಣಿಸ್ತಿಲ್ಲ, ಆದರೆ ಸಂಖ್ಯೆ ಮಾತ್ರ ಪ್ರತಿ ಸಲ ಬದಲಾಗ್ತಿದೆ ಅಂದರೆ ಇನ್ನೊಂದು ಸಾಧ್ಯತೆ ಇದೆ. ಎಲ್ಲೋ ನಾಲ್ಕು ಸಾಲು ಸೇರಿದ್ದಕ್ಕೆ ಬೇರೆ ಫಂಕ್ಷನ್‌ಗಳ ವಿಳಾಸ ಸರಿದು, ಕ್ಯಾಶ್ ಲೈನ್ (ಪ್ರೊಸೆಸರ್ ಒಮ್ಮೆಗೆ ಎತ್ತಿಕೊಳ್ಳೋ ಮೆಮೊರಿ ತುಂಡು) ಗಡಿ ತಪ್ಪಿ ವೇಗ ಬದಲಾಗಿರಬಹುದು. ಇದಕ್ಕೇ ಅಂತ ಕರ್ನಲ್‌ನಲ್ಲಿ ಪ್ರತಿ ಫಂಕ್ಷನನ್ನೂ 64 ಬೈಟ್ ಗಡಿಗೆ ಹೊಂದಿಸೋ ಒಂದು ಡಿಬಗ್ ಆಪ್ಷನ್ ಇದೆ. ಅದು ಆನ್ ಮಾಡಿದಾಗ ವ್ಯತ್ಯಾಸ ಮಾಯ ಆದರೆ ಆ ಕಮಿಟ್ ಬರೆದವರನ್ನು ಬೈಯೋದರಲ್ಲಿ ಅರ್ಥ ಇಲ್ಲ.

ಯಾಕೆ ನಿಧಾನ ಆಯ್ತು ಅಂತ ತಿಳಿಯೋಕೆ ಪರ್ಫ್ ಅನ್ನೋ ಅಳತೆ ಟೂಲ್ ಬಳಸಿ. ಪರ್ಫ್ ಸ್ಟ್ಯಾಟ್‌ನಲ್ಲಿ ಎರಡೂ ಕರ್ನಲ್‌ನ ಲೆಕ್ಕ ತೆಗೆದು ಪಕ್ಕಪಕ್ಕ ಇಡಿ. ಇನ್‌ಸ್ಟ್ರಕ್ಷನ್ ಜಾಸ್ತಿ ಆಗಿದ್ದರೆ ಕೋಡ್ ಜಾಸ್ತಿ ಕೆಲಸ ಮಾಡ್ತಿದೆ. ಇನ್‌ಸ್ಟ್ರಕ್ಷನ್ ಅಷ್ಟೇ ಇದ್ದು ಸೈಕಲ್ ಜಾಸ್ತಿ ಆಗಿದ್ದರೆ ಕ್ಯಾಶ್, ಟಿಎಲ್‌ಬಿ ಕಡೆ ನೋಡಿ, ಒಂದೇ ಕ್ಯಾಶ್ ಲೈನ್‌ಗೆ ಇಬ್ಬರು ಕಿತ್ತಾಡ್ತಿದ್ದಾರಾ ಅನ್ನೋದನ್ನು ಪರ್ಫ್ ಸಿ2ಸಿ ತೋರಿಸುತ್ತೆ. ಎರಡೂ ಅಷ್ಟೇ ಇದ್ದು ಗಡಿಯಾರ ಮಾತ್ರ ಮುಂದೆ ಹೋಗಿದ್ದರೆ ಪ್ರೊಸೆಸರ್ ಸುಮ್ನೆ ಕೂತಿದೆ, ಯಾರಿಗೋ ಕಾಯ್ತಿದೆ. ನಮ್ಮ ಚೀಟಿ ಉದಾಹರಣೆಯಲ್ಲಿ ಹೆಚ್ಚಾಗಿ ಇದೇ ಇರುತ್ತೆ, ಡಿಸ್ಕ್‌ಗೋ ಲಾಕ್‌ಗೋ ಕಾಯೋದು. ಇದು ಸಾಮಾನ್ಯ ಪ್ರೊಫೈಲ್‌ನಲ್ಲಿ ಕಾಣೋದಿಲ್ಲ, ಬಿಸಿಸಿ ಟೂಲ್‌ಗಳಲ್ಲಿ ಆಫ್ ಸಿಪಿಯು ಟೈಮ್, ಬಯೋ ಲೇಟೆನ್ಸಿ ಇವೆ, ಅವನ್ನು ಓಡಿಸಿ.

ದೊಡ್ಡವರ ಕೋಡ್‌ನಲ್ಲೂ ಇದು ಆಗುತ್ತೆ, ಸಂಕೋಚ ಬೇಡ. 2020ರಲ್ಲಿ 5.9 ತಯಾರಾಗುವಾಗ ಲಿನಕ್ಸ್ ಸುದ್ದಿಯ ಸೈಟ್ ಫೊರಾನಿಕ್ಸ್‌ನ ಮೈಕಲ್ ಲಾರಬೆಲ್ ಕೆಲವು ಬೆಂಚ್‌ಮಾರ್ಕ್ ಕುಸಿದದ್ದನ್ನು ನೋಡಿ ಬೈಸೆಕ್ಟ್ ಮಾಡಿದರು. ಸಿಕ್ಕಿದ್ದು ಪೇಜ್ ಲಾಕ್ ಕಾಯೋ ಕೋಡನ್ನು ಹೊಸದಾಗಿ ಬರೆದ ಕಮಿಟ್, ಬರೆದವರು ಸ್ವತಃ ಟೊರ್ವಾಲ್ಡ್ಸ್. ಲಾಕ್ ಎಲ್ಲರಿಗೂ ಸರದಿ ಪ್ರಕಾರವೇ ಸಿಗಲಿ ಅಂತ ಮಾಡಿದ್ದು ನ್ಯಾಯವಾಗಿತ್ತು, ಆದರೆ ನಿಧಾನ ಆಯ್ತು. ಕೊನೆಗೆ ಸ್ವಲ್ಪ ಮಟ್ಟಿಗೆ ಸರದಿ ಮುರಿಯೋಕೆ ಬಿಟ್ಟು ಸರಿ ಮಾಡಿದರು. ಅದಕ್ಕೂ ಮುಂಚೆ 2018ರಲ್ಲಿ 4.20ರ ಹೊತ್ತಿಗೆ ಎಸ್‌ಟಿಐಬಿಪಿ ಅನ್ನೋ ಸ್ಪೆಕ್ಟರ್ ಕಾವಲನ್ನು ಎಲ್ಲ ಪ್ರೋಗ್ರಾಮ್‌ಗೂ ಹಾಕಿದಾಗ ಕೆಲವು ಕೆಲಸ ಅರ್ಧದಷ್ಟು ನಿಧಾನ ಆಗಿ ದೊಡ್ಡ ಗಲಾಟೆ ಆಯ್ತು, ಆಮೇಲೆ ಅದನ್ನು ಬೇಕಾದವರಿಗೆ ಮಾತ್ರ ಅಂತ ಮಾಡಿದರು.

ಶೇಕಡಾ ಲೆಕ್ಕ ನೋಡಿ ಮಾತ್ರ ಮರುಳಾಗಬೇಡಿ. ಇಂಟೆಲ್‌ನವರು ಓಡಿಸೋ ಕರ್ನಲ್ ಟೆಸ್ಟ್ ರೋಬೋಟ್ 2024ರ ನವೆಂಬರ್‌ನಲ್ಲಿ ಒಂದು ಮೆಮೊರಿ ಕಮಿಟ್‌ನಿಂದ ಶೇ. 3888.9 ವೇಗ ಹೆಚ್ಚಿತು ಅಂತ ವರದಿ ಕೊಟ್ಟಿತು. ದೊಡ್ಡ ಮೆಮೊರಿ ತುಂಡುಗಳನ್ನೆಲ್ಲ 2 ಎಂಬಿ ಗಡಿಗೆ ಹೊಂದಿಸೋ ಹಿಂದಿನ ಒಂದು ಬದಲಾವಣೆ ಕೆಲವು ಕೆಲಸಗಳನ್ನು ಬಹಳ ನಿಧಾನ ಮಾಡಿತ್ತು, ಈ ಕಮಿಟ್ ಅದಕ್ಕೆ ಮಿತಿ ಹಾಕಿತ್ತು ಅಷ್ಟೇ. ಸುದ್ದಿ ಓದಿ ತಮ್ಮ ಲ್ಯಾಪ್‌ಟಾಪ್ ಸುಮಾರು 40 ಪಟ್ಟು ಓಡುತ್ತೆ ಅಂತ ಕಾದವರಿಗೆ ಏನೂ ಸಿಗಲಿಲ್ಲ. ಅದು ಒಂದೇ ಒಂದು ಸಣ್ಣ ಬೆಂಚ್‌ಮಾರ್ಕ್‌ನ ಸಂಖ್ಯೆ.

ವರದಿ ಬರೆಯೋದು

ಕರ್ನಲ್‌ನವರಿಗೆ ರಿಗ್ರೆಷನ್ (ಮೊದಲು ಸರಿ ಇದ್ದದ್ದು ಹೊಸದರಲ್ಲಿ ಕೆಡೋದು) ಆಗಬಾರದು ಅನ್ನೋ ನಿಯಮ ಇದೆ, ಅದರಲ್ಲಿ ವೇಗವೂ ಸೇರುತ್ತೆ. ಆದರೆ ಕಾನ್ಫಿಗ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಇರಬೇಕು, ನಿಧಾನ ಕಣ್ಣಿಗೆ ಕಾಣೋ ಅಷ್ಟಿರಬೇಕು. ಸಣ್ಣ ಬೆಂಚ್‌ಮಾರ್ಕ್‌ನಲ್ಲಿ ಶೇ. 5 ಇಳಿದರೆ ಅದೊಂದೇ ಸಾಲದು ಅಂತ ಅವರ ದಾಖಲೆಯಲ್ಲೇ ಬರೆದಿದ್ದಾರೆ. ಅದಕ್ಕೇ ಸ್ಕ್ರಿಪ್ಟ್‌ನ ಸಂಖ್ಯೆ ಜೊತೆ ಚೀಟಿಯ ಕಥೆಯನ್ನೂ ಎರಡು ಸಾಲಿನಲ್ಲಿ ಹೇಳಿ.

ಇಮೇಲ್ ಬರೀ ಟೆಕ್ಸ್ಟ್ ಆಗಿರಲಿ, ಎಚ್‌ಟಿಎಂಎಲ್ ಆದರೆ ಅವರ ಲಿಸ್ಟ್‌ಗಳು ವಾಪಸ್ ಎಸೆಯುತ್ತವೆ. ಕಮಿಟ್ ಬರೆದವರಿಗೆ, ಅದಕ್ಕೆ ಸಹಿ ಹಾಕಿದ ಮೇಂಟೇನರ್‌ಗೆ (ಆ ಭಾಗ ನೋಡಿಕೊಳ್ಳುವವರು), ರಿಗ್ರೆಷನ್ ಲಿಸ್ಟ್‌ಗೆ ಕಳಿಸಿ. ಯಾರಿಗೆ ಅಂತ ಗೊತ್ತಾಗದಿದ್ದರೆ ಸೋರ್ಸ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ಗೆಟ್ ಮೇಂಟೇನರ್ ಇದೆ, ಅದೇ ಹೇಳುತ್ತೆ. ರೆಗ್ಜ್‌ಬಾಟ್ ಇಂಟ್ರೊಡ್ಯೂಸ್ಡ್ ಅನ್ನೋ ಸಾಲಿನಲ್ಲಿ ಕಮಿಟ್ ಗುರುತು ಹಾಕಿದರೆ ಅದು ಟ್ರ್ಯಾಕರ್‌ಗೆ ಸೇರುತ್ತೆ, ಮರೆತುಹೋಗೋದಿಲ್ಲ. ಒಳಗೆ ಬೇಕಾಗಿರೋದು ಇಷ್ಟು: ಯಾವ ಪ್ರೊಸೆಸರ್, ಯಾವ ಡಿಸ್ಕ್, ಕಾನ್ಫಿಗ್ ಫೈಲ್, ಬೈಸೆಕ್ಟ್ ಲಾಗ್, ಎರಡೂ ಕಡೆಯ ಎಲ್ಲ ಸಂಖ್ಯೆ, ರಿವರ್ಟ್ ಮಾಡಿದಾಗ ಬಂದ ಸಂಖ್ಯೆ, ಅವರೇ ಓಡಿಸಬಹುದಾದ ಸ್ಕ್ರಿಪ್ಟ್. ಡೇಟಾಬೇಸ್ ಕಳಿಸಬೇಡಿ, ಅದರಲ್ಲಿ ರೈತರ ಹೆಸರು, ಫೋನ್ ನಂಬರ್ ಇರುತ್ತೆ.

ಇಂಗ್ಲಿಷ್ ಚೆನ್ನಾಗಿರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಂಖ್ಯೆ ಸರಿ ಇದ್ದರೆ ಅವರು ಓದುತ್ತಾರೆ. ಒಂದು ವಾರ ಉತ್ತರ ಬರದಿದ್ದರೆ ಅದೇ ಇಮೇಲ್‌ಗೆ ಮರ್ಯಾದೆಯಿಂದ ಇನ್ನೊಂದು ಸಲ ಕೇಳಿ. ಸಾಮಾನ್ಯವಾಗಿ "ಈ ಪ್ಯಾಚ್ ಹಾಕಿ ನೋಡ್ತೀರಾ?" ಅಂತ ಉತ್ತರ ಬರುತ್ತೆ. ಆಗ ಹಳೇದು, ಕೆಟ್ಟದ್ದು, ಪ್ಯಾಚ್ ಹಾಕಿದ್ದು ಮೂರನ್ನೂ ಅದೇ ಸ್ಕ್ರಿಪ್ಟ್, ಅದೇ ಕಾನ್ಫಿಗ್‌ನಲ್ಲಿ ಅಳೆದು ಮೂರು ಸಂಖ್ಯೆ ಕಳಿಸಿ. ಆ ಪ್ಯಾಚ್ ಒಳಗೆ ಸೇರೋವರೆಗೂ ಬಿಲ್ಡ್ ಫೋಲ್ಡರ್ ಅಳಿಸಬೇಡಿ. ಬೂಟ್ ಪಾರ್ಟಿಷನ್ ಮಾತ್ರ ಅವತ್ತೇ ಖಾಲಿ ಮಾಡಿ, ಹದಿನಾಲ್ಕು ಕರ್ನಲ್ ಅಲ್ಲಿ ಕೂತಿದ್ದರೆ ಮುಂದಿನ ಅಪ್‌ಡೇಟ್‌ಗೆ ಜಾಗವೇ ಇರೋದಿಲ್ಲ.